ಇಪ್ಪತ್ತೊಂದನೇ ಫಾರಂ

ನಮ್ಮದೇ ಅಂಟು, ಅದೇ ವಾಸನೆ, ಪುಸ್ತಕ ಬಿಚ್ಚಿದ ಕೂಡಲೇ ಮೂಗಿಗೆ ಬಂತು, ನಮ್ಮ ಪ್ರೆಸ್ಸಿನ ಬೈಂಡಿಂಗ್ ಕೋಣೆಯ ಮೂಲೆಯಲ್ಲಿ ಸ್ಟವ್ ಮೇಲೆ ಕೊತಕೊತ ಕುದಿಯುತ್ತಿದ್ದ ಮೈದಾ ಅಂಟು, ಹುಳು ಹಿಡಿಯದಿರಲಿ ಅಂತ ಅದಕ್ಕೆ ಹಾಕುತ್ತಿದ್ದ ಮೈಲುತುತ್ತ, ಇಷ್ಟು ವರ್ಷ ಈ ಗಾಜಿನ ಬೀರುವಿನೊಳಗೆ ಬಾಯಿ ಮುಚ್ಚಿಕೊಂಡು ಕೂತಿತ್ತಲ್ಲ — ಬೆನ್ನಿನ ಮೇಲೆ ಬೆರಳು ಓಡಿಸುತ್ತೇನೆ, ಹೊಲಿಗೆ ಸಡಿಲವಾಗಿಲ್ಲ, ರಟ್ಟು ಬಾಗಿಲ್ಲ, ಮೇಸ್ತ್ರಿ ನೋಡಿದ್ದರೆ ಮೀಸೆ ತಿರುವುತ್ತಿದ್ದ. ಈ ಮನೆ ಕಾದಂಬರಿ ಬರೆದ ಹೆಂಗಸಿನದು, ಅವಳು ಹೋಗಿ ಎಷ್ಟೋ ಕಾಲವಾಯಿತು, ಬಂದವರು ನೋಡಲಿ ಅಂತ ಅವಳ ಕುರ್ಚಿ, ಕನ್ನಡಕ, ತೇಪೆ ಹಾಕಿದ ಕಾಲುಚೀಲ ಎಲ್ಲ ಹಾಗೇ ಇಟ್ಟಿದ್ದಾರೆ, ಗೋಡೆಯುದ್ದದ ಬೀರುವಿನಲ್ಲಿ ಅವಳ ಒಂದೇ ಕಾದಂಬರಿ, ಯಾವ ಯಾವುದೋ ಭಾಷೆಗಳಲ್ಲಿ, ಮನೆ ನೋಡಿಕೊಳ್ಳುವ ಅಜ್ಜ ನಿನ್ನದು ಯಾವ ಭಾಷೆ ಅಂತ ಕೈಸನ್ನೆಯಲ್ಲೇ ಕೇಳಿದ, ಹೇಳಿದೆ, ತಿಳಿಯಲಿಲ್ಲ, ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ, ಅಗೋ ಆ ಕಂದು ಬೆನ್ನಿನದು, ಅದನ್ನು ಮಾಡಿದ್ದು ನಾನು ಅಂತ ಎದೆ ಮುಟ್ಟಿಕೊಂಡೆ, ಪಾಪ, ಅನುವಾದ ಮಾಡಿದ ದೊಡ್ಡ ಹೆಂಗಸು ಅಂದುಕೊಂಡನೋ ಏನೋ, ನಡು ಬಗ್ಗಿಸಿ ಬೀಗ ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಅಲ್ಲಪ್ಪ, ನಾನು ಮಡಚಿದವಳು, ಜೋಡಿಸಿದವಳು — ಅದನ್ನು ಕೈಸನ್ನೆಯಲ್ಲಿ ಹೇಳುವುದು ಹೇಗೆ. ಆಮೇಲೆ ಒಳಗೆ ಹೋಗಿ ಎರಡು ಬಟ್ಟಲು ಕಾಫಿ ತಂದು ಮೇಜಿನ ಮೇಲಿಟ್ಟ, ನನಗೊಂದು, ಇವರಿಗೊಂದು. ಎರಡೂ ಹೊಗೆಯಾಡುತ್ತಿವೆ, ಇವರು ಇನ್ನೂ ಕಾರು ನಿಲ್ಲಿಸಿ ಬಂದಿಲ್ಲ.

ಬರುತ್ತಾರೆ. ಓಣಿ ಕಿರಿದು, ನೀನು ಇಳಿದು ಒಳಗೆ ನಡಿ, ನಾನು ಮೇಲೆ ಎಲ್ಲಾದರೂ ಜಾಗ ನೋಡಿ ನಿಲ್ಲಿಸಿ ಬರ್ತೀನಿ ಅಂದರು, ಇಳಿದೆ, ಇಳಿದಿದ್ದೇ ತಪ್ಪಾಯಿತೇನೋ, ಈ ದೇಶಕ್ಕೆ ಬಂದಾಗಿನಿಂದ ಇವರ ಪಕ್ಕ ಬಿಟ್ಟು ಕದಲಿಲ್ಲ ನಾನು, ಇಲ್ಲಿ ಗಾಡಿಗಳೆಲ್ಲ ನಮ್ಮ ಕಡೆಗಿಂತ ಉಲ್ಟಾ ಬದಿಯಲ್ಲಿ ಓಡುತ್ತವೆ, ಸ್ಟೀರಿಂಗೂ ಉಲ್ಟಾ, ಮೊದಲ ದಿನ ಗೇರು ಅಂತ ಬಾಗಿಲಿನ ಹಿಡಿ ಎಳೆದವರು ಈಗ ಹುಟ್ಟಿದ್ದೇ ಇಲ್ಲಿ ಅನ್ನುವ ಹಾಗೆ ಓಡಿಸುತ್ತಾರೆ, ಓಡಿಸಬೇಕಲ್ಲ, ಜೀವಮಾನವೆಲ್ಲ ಪ್ರೆಸ್ಸಿನ ವ್ಯಾನು ಓಡಿಸಿದ ಕೈ. ಆದರೂ ಪಕ್ಕದಲ್ಲಿ ಕೂತು ನಾನು ಹೇಳುತ್ತಲೇ ಇರಬೇಕು, ರೀ ಬಲಗಡೆ ಸೈಕಲ್ಲು, ರೀ ಎಡಗಡೆ ಮಗು, ಗೊತ್ತು ಕಣೇ ಅನ್ನುತ್ತಾರೆ, ಗೊತ್ತಿರುವುದಿಲ್ಲ, ಇಬ್ಬರಿಗೂ ಗೊತ್ತು ಗೊತ್ತಿರುವುದಿಲ್ಲ ಅಂತ. ಕಣ್ಣಿನ ಡಾಕ್ಟರಮ್ಮ ಹೇಳಿಬಿಟ್ಟಿದ್ದಾಳೆ, ಪಕ್ಕದ ನೋಟ ಸ್ವಲ್ಪ ಸ್ವಲ್ಪವೇ ಹೋಗ್ತಾ ಇದೆ, ಈ ವರ್ಷ ಹಗಲು ಹೊತ್ತು ಓಡಿಸಿ, ಆಮೇಲೆ ಬೇಡ. ಹೊರಗೆ ಬಂದು ಮೆಟ್ಟಿಲಿನ ಮೇಲೆ ನಿಂತು ಇವರು ಹೇಳಿದ್ದೊಂದೇ ಮಾತು, ಹಾಗಾದ್ರೆ ಆ ಊರಿಗೆ ಹೋಗಿಬಿಡೋಣ ಕಣೇ, ನಾನೇ ಓಡಿಸ್ತೀನಿ. ಯಾವ ಊರಿಗೆ ಅಂತ ನಾನು ಕೇಳಲಿಲ್ಲ, ನಮ್ಮಿಬ್ಬರ ನಡುವೆ ಆ ಊರು ಅಂದರೆ ಒಂದೇ, ಈ ಕಾದಂಬರಿಯ ಊರು.

ಒಬ್ಬರಿಗೆ ಒಂದೇ ಚೀಲ, ಅದು ಇವರ ಕಾನೂನು, ಹೊರೆ ಹತ್ತಿಸಿ ಇಳಿಸಿದವನಿಗೇ ಗೊತ್ತು ಭಾರ ಅಂದರೇನು ಅಂತ ಭಾಷಣ ಬೇರೆ, ಎರಡು ಜೊತೆ ಬಟ್ಟೆ, ಒಂದು ಸ್ವೆಟರು, ಮಾತ್ರೆ ಡಬ್ಬಿ. ನಾದಿನಿ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು, ಅತ್ತಿಗೆ, ಅಷ್ಟು ದೂರ ಹೋಗೋದು ಎರಡು ಜೊತೆ ಬಟ್ಟೇಲಾ, ಅಣ್ಣ ನಿಮ್ಮನ್ನ ಕರ್ಕೊಂಡು ಹೋಗ್ತಿದಾನಾ ಡೆಲಿವರಿ ಕೊಡೋಕೆ ಹೋಗ್ತಿದಾನಾ. ದಿನಾ ಸಂಜೆ ತಂಗಿದ ರೂಮಿನ ಸಿಂಕಿನಲ್ಲಿ ಒಂದು ಜೊತೆ ಹಿಂಡಿ ಹಾಕುತ್ತೇನೆ, ಬೆಳಿಗ್ಗೆ ಒಣಗಿರದಿದ್ದರೆ ಕಾರಿನ ಹಿಂದಿನ ಸೀಟಿನಲ್ಲಿ ಹರಡುತ್ತೇನೆ, ನಮ್ಮ ಹಿಂದೆ ಇವರ ಅಂಗಿ ಕೈ ಚಾಚಿಕೊಂಡು ಮೂರನೆಯವರ ಹಾಗೆ ಕೂತು ಬರುತ್ತದೆ, ಎಷ್ಟು ಹಗುರ, ಹೀಗೆ ಬದುಕಬಹುದಿತ್ತಲ್ಲ ಮೊದಲಿನಿಂದಲೂ, ಮನೆ ತುಂಬ ಯಾಕೆ ಅಷ್ಟು ಪಾತ್ರೆ ಸೇರಿಸಿದೆನೋ. ಪುಸ್ತಕವೊಂದೇ ಕಷ್ಟವಾದದ್ದು, ಇಟ್ಟಿಗೆಯಷ್ಟು ದಪ್ಪ, ಅದನ್ನ ಬಿಟ್ಟು ಬಾ, ಬಾಯಿಪಾಠ ಬರುತ್ತಲ್ಲ ಅಂದರು, ಬಿಡುವುದುಂಟೇ, ಅಡುಗೆಮನೆಯ ಮೇಜಿನ ಮೇಲೆ ರಟ್ಟು ಬಿಡಿಸಿ ಹೊಲಿಗೆಯ ದಾರ ಕತ್ತರಿಸಿದೆ, ಮಗಳು ಬಾಯಿ ಮೇಲೆ ಕೈಯಿಟ್ಟಳು, ಅಮ್ಮ, ನಿನ್ನ ಪುಸ್ತಕನ ನೀನೇ ಕತ್ತರಿಸ್ತಿದೀಯಾ, ಹೂಂ, ಕಟ್ಟಿದವಳಿಗೆ ಬಿಚ್ಚೋಕೂ ಬರುತ್ತೆ, ಬಂದ ಮೇಲೆ ಹೊಲಿಯೋದು. ದಾರಿಯಲ್ಲಿ ಬೇಕಾಗುವ ಫಾರಂಗಳನ್ನಷ್ಟೇ ಆರಿಸಿ ತಂದೆ, ಒಂದು ಫಾರಂ ಅಂದರೆ ಹದಿನಾರು ಪುಟ, ಒಂದೇ ಹಾಳೆ, ಮೂರು ಮಡಿಕೆ. ಆಯಾ ಊರಿನಲ್ಲಿ ಆಯಾ ಫಾರಂ ತೆಗೆದು ಕಾರಿನಲ್ಲೇ ಓದಿ ಹೇಳಿದೆ, ಕಾದಂಬರಿಯ ನಾಯಕಿ ಕೆಲಸಕ್ಕಿದ್ದ ಛತ್ರದ ಎದುರು, ಈಗ ಅದು ಟಯರ್ ಅಂಗಡಿ, ಇವರಿಗೆ ಅದೇ ಖುಷಿ, ಒಳಗೆ ಹೋಗಿ ಟಯರಿನವನ ಹತ್ತಿರ ಕೈಸನ್ನೆಯಲ್ಲೇ ಅರ್ಧ ಗಂಟೆ ಹರಟಿದರು, ಆಮೇಲೆ ಕಲ್ಲಿನ ಸೇತುವೆ, ಆಮೇಲೆ ದೋಣಿಕಟ್ಟೆ, ಅಲ್ಲಿ ಮಾತ್ರ ಓದುವುದಕ್ಕೆ ಏನೂ ಇರಲಿಲ್ಲ. ದೋಣಿಕಟ್ಟೆಯ ಹದಿನಾರು ಪುಟ ನಮ್ಮ ಪ್ರತಿಯಲ್ಲಿ ಇಲ್ಲವೇ ಇಲ್ಲ.

ಅದಕ್ಕೆ ಕಾರಣ ಇವರೇ, ಇವರ ವ್ಯಾನಿನ ಹಾರನ್ನು. ಉದ್ದ ಮೇಜಿನ ಮೇಲೆ ಒಂದರ ಪಕ್ಕ ಒಂದು ಫಾರಂಗಳ ಗುಡ್ಡೆ, ನಾವು ಹೆಂಗಸರು ಸಾಲಾಗಿ ಸುತ್ತು ಬರಬೇಕು, ಪ್ರತಿ ಗುಡ್ಡೆಯಿಂದ ಒಂದೊಂದು ಎತ್ತಿಕೊಳ್ಳುತ್ತಾ, ಒಂದು ಸುತ್ತು ಮುಗಿದರೆ ಕೈಯಲ್ಲಿ ಒಂದು ಪುಸ್ತಕ, ಕಾಲು ನಡೆಯುತ್ತದೆ, ಕೈ ಎತ್ತುತ್ತದೆ, ಬಾಯಿ ಹರಟುತ್ತದೆ, ನನ್ನನ್ನು ಫಾರಂ ಅಕ್ಕ ಅನ್ನುತ್ತಿದ್ದರು, ಎಂದೂ ತಪ್ಪದ ಕೈ ಅಂತ. ಆವತ್ತು ಇಪ್ಪತ್ತನೇ ಗುಡ್ಡೆಯ ಹತ್ತಿರ ಬಂದಾಗ ಅಂಗಳದಲ್ಲಿ ಹಾರನ್ನು, ಎರಡು ಸಲ ಗಿಡ್ಡ, ಒಂದು ಸಲ ಉದ್ದ, ಕಿಟಕಿಯಿಂದ ನೋಡಿದೆ, ಹೊಸ ಡ್ರೈವರು ಹಿಂದಿನ ಬಾಗಿಲು ತೆಗೆಯುತ್ತಾ ಮೇಲೆ ನೋಡಿದರು, ನನ್ನ ಕೈ ಇಪ್ಪತ್ತನ್ನೇ ಎರಡು ಸಲ ಎತ್ತಿ ಇಪ್ಪತ್ತೊಂದನ್ನು ಬಿಟ್ಟು ಮುಂದೆ ನಡೆಯಿತು. ಮೇಸ್ತ್ರಿ ಹೊಲಿದಾದ ಮೇಲೆ ಹಿಡಿದು ಎಲ್ಲರೆದುರು ಎತ್ತಿ ತೋರಿಸಿದ, ತಗೊಂಡು ಹೋಗಮ್ಮ, ನಿನ್ನ ಗಮನ ಎಲ್ಲಿತ್ತು ಅಂತ ಕಿಟಕಿಗೂ ಗೊತ್ತು. ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ನನಗೆ ಕಿವಿಯವರೆಗೂ ಬಿಸಿ, ಆದರೂ ಹೇಳಬೇಕು, ಅಷ್ಟು ಒಳ್ಳೆಯ ನಾಚಿಕೆ ಆಮೇಲೆ ಯಾವತ್ತೂ ಆಗಲಿಲ್ಲ. ಊಟದ ಹೊತ್ತಿನಲ್ಲಿ ವ್ಯಾನಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು ಇವರಿಗೆ ಅದನ್ನೇ ದಿನಾ ಒಂದಿಷ್ಟು ಓದಿ ಹೇಳಿದೆ, ನಂಗೆ ಓದೋಕೆ ಸೋಮಾರಿತನ, ಕೇಳೋಕೆ ಇಲ್ಲ ಅನ್ನುತ್ತಿದ್ದರು, ಹಾಗೇ ಇಪ್ಪತ್ತು ಮುಗಿಯಿತು, ಅವಳ ಗಂಡ ನಸುಕಿನಲ್ಲಿ ದೋಣಿ ಹತ್ತಿ ಹೋಗಿದ್ದಾನೆ, ಗಾಳಿ ಎದ್ದಿದೆ, ಅವಳು ದೋಣಿಕಟ್ಟೆಗೆ ಓಡುತ್ತಾಳೆ, ಪುಟ ತಿರುವಿದರೆ ಮತ್ತೆ ಇಪ್ಪತ್ತೇ, ಅದಾದ ಮೇಲೆ ಇಪ್ಪತ್ತೆರಡು, ಅದರ ಮೊದಲ ಸಾಲು, ಮೇಜಿನ ಮೇಲೆ ಎರಡು ಬಟ್ಟಲು, ಒಂದರ ಕಾಫಿ ಆರಿ ತಣ್ಣಗಾಗಿತ್ತು. ಅಷ್ಟೇ. ಅಲ್ಲಿಂದ ಕಥೆ ಅವಳ ಮುದಿತನಕ್ಕೆ ಹೋಗಿಬಿಡುತ್ತದೆ, ಗಂಡನ ಸುದ್ದಿಯೇ ಇಲ್ಲ.

ಬಂದ ಅಂದರು ಇವರು. ಬರಲಿಲ್ಲ ಅಂದೆ ನಾನು. ಎರಡು ಬಟ್ಟಲು ಇದೆಯಲ್ಲೇ, ಇದ್ದರೇನಾಯ್ತು, ಅಭ್ಯಾಸಬಲ, ಅವಳು ಅವನಿಗೂ ಹಾಕಿಟ್ಟಳು, ಅವನು ಬರಲಿಲ್ಲ, ಅದಕ್ಕೇ ಆರಿ ಹೋಯ್ತು, ಅಷ್ಟೂ ಗೊತ್ತಾಗಲ್ವಾ ನಿಮಗೆ. ಆರಿದ ಕಾಫಿ ಕುಡಿಯೋರೂ ಇರ್ತಾರೆ ಕಣೇ, ನಾನು ಒಂದು ದಿನಾನಾದ್ರೂ ಬಿಸಿ ಕಾಫಿ ಕುಡಿದಿದೀನಾ, ಡೆಲಿವರಿ ಮುಗಿಸಿ ಬರೋ ಹೊತ್ತಿಗೆ ಯಾರಿಟ್ಟಿದ್ದೂ ತಣ್ಣಗೆ. ಅದೇ ಜಗಳದಲ್ಲಿ ಮದುವೆಯಾಯಿತು, ಅದೇ ಜಗಳದಲ್ಲಿ ಮಗಳು ಹುಟ್ಟಿದಳು, ಬೇರೆ ಜಗಳ ಬಂದಾಗ ಇದನ್ನೇ ತೆಗೆದು ಆ ಜಗಳ ಮರೆಯುತ್ತಿದ್ದೆವು, ಒಮ್ಮೆ ಮಗಳು, ಯಾವುದಾದ್ರೂ ಲೈಬ್ರರೀಲಿ ಪೂರ್ತಿ ಪ್ರತಿ ಹುಡುಕಿ ಕೊಡ್ಲಾ ಅಂದಾಗ ಇಬ್ಬರೂ ಒಟ್ಟಿಗೆ ಬೇಡ ಅಂದೆವು, ಅವಳಿಗೆ ತಲೆ ಕೆಟ್ಟಿತು. ಬರಲಿಲ್ಲ, ಬರಲಿಲ್ಲ, ಎಷ್ಟು ಸಲೀಸಾಗಿ ಹೇಳುತ್ತಿದ್ದೆ, ಆಗ ಎಲ್ಲರೂ ಬರುತ್ತಿದ್ದರಲ್ಲ, ವ್ಯಾನು ದಿನಾ ಸಂಜೆ ಬರುತ್ತಿತ್ತು, ಎರಡು ಗಿಡ್ಡ ಒಂದು ಉದ್ದ, ಹೇಳಿದರೇನು ಗಂಟು ಹೋಗುತ್ತಿತ್ತು. ಡಾಕ್ಟರಮ್ಮ ಹೇಳಿದ ಮೇಲಿಂದ ಆ ಮಾತು ಬಾಯಿಗೆ ಬರುವುದಿಲ್ಲ. ಮೊನ್ನೆ ದೋಣಿಕಟ್ಟೆಯಲ್ಲಿ ಇವರು ಕೆಣಕಿದರು, ಏನಮ್ಮ, ಈ ನೀರು ನೋಡಿದ ಮೇಲೂ ಬರಲಿಲ್ಲ ಅಂತೀಯಾ, ನಾನು ಗಾಳಿ ಜಾಸ್ತಿ ಆಯ್ತು ನಡೀರಿ ಅಂದೆ. ನನಗೆ ಸೋಲಬೇಕಾಗಿದೆ. ಇಷ್ಟು ವರ್ಷ ಹಟ ಹಿಡಿದ ಬಾಯಿಂದಲೇ ಹೇಳುತ್ತಿದ್ದೇನೆ, ಅವನು ಬಂದಿರಬೇಕು, ಗಾಳಿಯಾಗಲಿ ಮಳೆಯಾಗಲಿ ಬಂದಿರಬೇಕು, ನಾನು ಸೋತಿರಬೇಕು.

ಆ ಹದಿನಾರು ಪುಟ ಈಗ ನನ್ನ ಕೈಯಲ್ಲಿವೆ, ಅಡಿಯಲ್ಲಿ ಸಣ್ಣದಾಗಿ ಇಪ್ಪತ್ತೊಂದು ಅಂತಿದೆ, ಹೆಬ್ಬೆರಳು ತಾನಾಗಿ ಅಲ್ಲಿಗೇ ಹೋಯಿತು — ಆದರೆ ಪುಟ ಬಿಡಿಸಿಕೊಳ್ಳುವುದಿಲ್ಲ. ಗಿಡ್ಡ ಮಡಿಕೆ. ಮಡಚುವಾಗ ಯಾರದೋ ಕೈ ಒಂದಿಷ್ಟು ಒಳಗೆ ಸರಿದಿದೆ, ಕಟಿಂಗ್ ಮಿಷನ್ನಿನ ಅಲಗು ಬೇರೆ ಪುಟಗಳ ಅಂಚನ್ನೆಲ್ಲ ಕತ್ತರಿಸಿ ಇದನ್ನು ಮುಟ್ಟದೆ ಹೋಗಿದೆ, ಮೇಲೂ ಪಕ್ಕದಲ್ಲೂ ಮಡಿಕೆ ಹಾಗೇ ಮುಚ್ಚಿಕೊಂಡಿದೆ, ಈ ಊರಿನಲ್ಲಿ ನಮ್ಮ ಅಕ್ಷರ ಓದುವವರು ಯಾರು, ಯಾರೂ ಬಿಡಿಸಿಲ್ಲ. ಕೆಳಗಿನಿಂದ ಇಣುಕಿದರೆ ಒಳಗೆ ಕತ್ತಲು, ಒಂದೆರಡು ಅಕ್ಷರದ ಬಾಲ ಕಾಣುತ್ತದೆ. ಅಜ್ಜನಿಗೆ ತೋರಿಸಿದೆ, ಅಯ್ಯೋ ಕತ್ತರಿಸು ಕತ್ತರಿಸು ಅಂತ ಅವನೇ ಕೈಸನ್ನೆ ಮಾಡಿ ಚಾಕು ಹುಡುಕಲು ಒಳಗೆ ಹೋದ, ಚಾಕು ಯಾಕೆ, ತಲೆಯ ಪಿನ್ನು ಸಾಕು, ಪಿನ್ನು ತೆಗೆದು ಮಡಿಕೆಯೊಳಗೆ ತೂರಿಸಿದ್ದೇನೆ, ಒಂದು ಸಲ ಎಳೆದರೆ ಆಯಿತು. ಎಳೆದರೆ, ಬರಲಿಲ್ಲ ಅಂತಿದ್ದರೆ? ಮೇಜಿನ ಮೇಲೆ ಎರಡು ಬಟ್ಟಲು, ನನ್ನದನ್ನು ಯಾವಾಗಲೋ ಕುಡಿದು ಮುಗಿಸಿದ್ದೇನೆ, ಇವರದರ ಹೊಗೆ ನಿಂತಿದೆ. ಇಷ್ಟು ಹೊತ್ತು ಬೇಕೇ ಒಂದು ಕಾರು ನಿಲ್ಲಿಸುವುದಕ್ಕೆ, ಬಲಗಡೆ ಸೈಕಲ್ಲು ಅನ್ನುವವರು ಯಾರೂ ಇಲ್ಲ ಪಕ್ಕದಲ್ಲಿ, ಹಿಂದಿನ ಸೀಟಿನ ಅಂಗಿ ಹೇಳುತ್ತದೆಯೇ — ಹೊರಗೆ ಯಾವುದೋ ಬ್ರೇಕು ಕಿರ್ರೆಂದಿತು, ಯಾರೋ ಏನೋ ಕೂಗಿದರು, ನನಗೆ ತಿಳಿಯದ ಭಾಷೆ, ಒಂದು ನಾಯಿ ಬೊಗಳಿ ಸುಮ್ಮನಾಯಿತು. ಎದ್ದು ಬಾಗಿಲಿಗೆ ಓಡಬೇಕು, ಅವಳು ಓಡಿದ ಹಾಗೆ, ಆದರೆ ಓಡಿದ ಮೇಲೆ ಏನಾಯಿತು ಅಂತಲೇ ನನಗೆ ಗೊತ್ತಿಲ್ಲವಲ್ಲ, ಅದು ಈ ಮಡಿಕೆಯೊಳಗಿದೆ, ಕಾಫಿಯ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಿದೆ, ಬಟ್ಟಲು ಮುಟ್ಟಿ ನೋಡಿದೆ, ತಣ್ಣಗಾಗಿದೆ.

ಮೆಟ್ಟಿಲು. ಒಂದು, ನಿಂತಿತು, ಇನ್ನೊಂದು — ಕೈಯಿಂದ ಗೋಡೆ ಸವರಿಕೊಂಡು ಹತ್ತುವ ಸದ್ದು, ಈ ಸದ್ದು ನನಗೆ ಯಾವ ಊರಿನಲ್ಲಾದರೂ ಗೊತ್ತಾಗುತ್ತದೆ, ಉಸಿರು ಬಂತು ನನಗೆ. ಏನೇ ಇದು, ಈ ಊರಲ್ಲಿ ಕಾರು ನಿಲ್ಲಿಸೋಕೆ ಬೆಟ್ಟ ಹತ್ತಬೇಕು ಅನ್ನುತ್ತಾ ಒಳಗೆ ಬಂದರು, ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ, ಹಣೆಯಲ್ಲಿ ಬೆವರು, ಬ್ರೇಕು ಯಾರದ್ರೀ ಅಂದೆ, ನಂದಲ್ಲಮ್ಮ, ಹಾಲಿನ ಗಾಡಿಯೋನು, ಅವನಿಗೂ ನಂಗೂ ಒಂದು ರೌಂಡು ಮಾತಾಯ್ತು, ಅವನು ಅವನ ಭಾಷೇಲಿ ಬೈದ, ನಾನು ನಮ್ಮ ಭಾಷೇಲಿ, ಇಬ್ಬರಿಗೂ ಸಮಾಧಾನ. ನಕ್ಕೆ. ಕುರ್ಚಿ ಎಳೆದು ಕೂತರು, ಕೈ ಮೇಜಿನ ಮೇಲೆ ಹುಡುಕುತ್ತಿದೆ, ಬಟ್ಟಲು ಬಲಕ್ಕಿದೆ, ಇವರಿಗೆ ಬಲದ ಅಂಚು ಕಾಣುವುದಿಲ್ಲ, ನಾನು ಸುಮ್ಮನೆ ಬಟ್ಟಲನ್ನು ಸರಿಸಿ ಹಿಡಿ ಇವರ ಬೆರಳಿಗೆ ತಾಗುವ ಹಾಗೆ ತಿರುಗಿಸಿಟ್ಟೆ. ಪುಸ್ತಕ ನೋಡಿದರು, ಪಿನ್ನು ನೋಡಿದರು, ಓ, ಸಿಕ್ಕೇಬಿಡ್ತಾ, ಅಂದರೆ ಇವತ್ತು ತೀರ್ಮಾನ, ಯಾರು ಗೆದ್ದರು ಹೇಳು. ನೀವೇ ಅಂದೆ. ಓದಿದ್ಯಾ? ಇಲ್ಲ. ಮತ್ತೆ? ಮಡಿಕೆ ಹರಿಯದ ಹಾಗೆ ಪಿನ್ನು ಹೊರತೆಗೆದು ಕೂದಲಿಗೆ ಸಿಕ್ಕಿಸಿಕೊಂಡೆ, ಚಾಕು ಹಿಡಿದು ಬಂದ ಅಜ್ಜ ಬಾಗಿಲಲ್ಲೇ ನಿಂತ, ಮೊದಲು ಕಾಫಿ ಕುಡೀರಿ ಅಂದೆ ಇವರಿಗೆ, ಆರಿ ಹೋಗಿದೆ, ಬೇರೆ ಕೇಳ್ಲಾ ಅಂದರೆ ಬೇಡ ಕಣೇ ಅಂದರು, ಎತ್ತಿದರು, ಕೆನೆಯನ್ನು ಬೆರಳಿಂದ ಪಕ್ಕಕ್ಕೆ ಸರಿಸಿ ಒಂದೇ ಉಸಿರಿಗೆ ಕುಡಿದರು, ಕುತ್ತಿಗೆ ಹಿಂದಕ್ಕೆ, ಗಂಟಲಮಣಿ ಮೇಲೆ ಕೆಳಗೆ, ಇಟ್ಟರು, ನನ್ನದರ ಪಕ್ಕದಲ್ಲಿ, ಎರಡು ಬಟ್ಟಲು, ಒಂದರ ಕಾಫಿ ಆರಿ ತಣ್ಣಗಾಗಿತ್ತು, ಆದರೆ ತಳದಲ್ಲಿ ಒಂದು ಕಂದು ಉಂಗುರ ಬಿಟ್ಟರೆ ಏನೂ ಉಳಿದಿಲ್ಲ, ಹಿಡಿ ಇನ್ನೂ ಇವರ ಬೆರಳಿನ ಕಡೆಗೇ ತಿರುಗಿದೆ, ಎರಡು ಬಟ್ಟಲು —