ಬೆಟ್ಟದ ಮೇಲಿನ ಅಡುಗೆಮನೆ

ರಜೆ ಬಂದರೆ ಸಾಕು, ಗಂಡ, ಮೈದುನ, ನಾದಿನಿ ಮೂವರೂ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿಕೊಂಡು ಒಂದು ಕಲ್ಪನೆಯ ದೇಶ ಕಟ್ಟುತ್ತಾರೆ. ಪೆನ್ನಿನಲ್ಲಿ ಬರೆದದ್ದನ್ನು ಯಾರೂ ಅಳಿಸುವಂತಿಲ್ಲ, ಅದೊಂದೇ ನಿಯಮ. ಈ ಸಲ ಬೆಟ್ಟದ ಬುಡದಲ್ಲಿ ಮೂವರಿಗೂ ಒಂದೊಂದು ಅರಮನೆ ಎದ್ದಿತು.

ನಾನು ಅವರ ಎಂಜಲು ತಟ್ಟೆ ಎತ್ತುತ್ತಿದ್ದೆ.

"ಅತ್ತಿಗೆ, ನೀವೂ ಸೇರ್ಕೊಳ್ಳಿ," ಎಂದ ಮೈದುನ. "ಹೊಗೆ ನಮಗೆ ಬಡೀಬಾರ್ದು ಅಂತ ಅಡುಗೆಮನೆನ ಬೆಟ್ಟದ ಮೇಲಿಟ್ಟಿದೀವಿ. ಅದು ನಿಮ್ದು."

ಗಂಡ ಹಲ್ಲು ಕಿರಿದ. ಇಲ್ಲದ ದೇಶದಲ್ಲೂ ನನಗೆ ಇದೇ ಗತಿ. ತಟ್ಟೆಗಳನ್ನು ಅಲ್ಲೇ ಇಟ್ಟೆ.

ಜಿಡ್ಡುಗೈಯಲ್ಲೇ ಪೆನ್ನು ತೆಗೆದುಕೊಂಡು, ಅಡುಗೆಮನೆಯಿಂದ ದಪ್ಪ ಚರಂಡಿಯೊಂದನ್ನು ಎಳೆದು, ಮೂರೂ ಅರಮನೆಗಳ ನಡುಮನೆಯೊಳಗೆ ಹಾಯಿಸಿದೆ.

"ಇದೇನತ್ತಿಗೆ ಗಲೀಜು?" ಎಂದಳು ನಾದಿನಿ.

"ನಿಮ್ದೇ ಎಂಜಲು," ಎಂದೆ. "ಅಳಿಸೋ ಹಾಗಿಲ್ಲ."