ಶಿವಯೋಗಪ್ಪ ಅಂಡ್ ಸನ್ಸ್

ನಮ್ಮ ಪಿಕಪ್‌ನ ಸೆಲ್ಫ್ ಸತ್ತು ಎರಡು ವರ್ಷವಾಗಿತ್ತು. ತಳ್ಳಿದರೆ ಮಾತ್ರ ಸ್ಟಾರ್ಟ್. ಎಡಬಾಗಿಲಿಗೆ ಪ್ಲಾಸ್ಟಿಕ್ ಹಗ್ಗ. ಚೆನ್ನಾಗಿದ್ದದ್ದು ಹಾರನ್ ಒಂದೇ. ಅದೂ ಎಡಕ್ಕೆ ತಿರುಗಿಸಿದರೆ ಯಾರೂ ಮುಟ್ಟದೆ ಕೂಗಿಕೊಳ್ಳುತ್ತಿತ್ತು.

ವಿನೋಬನಗರದಲ್ಲಿ ಅಪ್ಪನದು ಮದುವೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ತೊಂಬತ್ತೆಂಟರ ಆಯುಧಪೂಜೆಗೆ ಅವರು ಗಾಡಿಯ ರಿಪೇರಿ ಬಿಟ್ಟು ಒಂದು ಬೋರ್ಡು ಮಾಡಿಸಿದರು. ಹಳದಿ ತಗಡು, ಕೆಂಪು ಅಕ್ಷರ: ‘ಶಿವಯೋಗಪ್ಪ ಅಂಡ್ ಸನ್ಸ್’. ಎದುರಿನಿಂದ ಬರುವವರೆಲ್ಲ ಓದಲೆಂದು ಅದನ್ನು ಗಾಡಿಯ ಮುಂದಿನ ಜಾಲರಿಗೆ ನಾಲ್ಕು ಬೋಲ್ಟ್ ಹಾಕಿ ಬಿಗಿಸಿದರು. ಸನ್ಸ್ ಎಲ್ಲಿದ್ದಾರೆ ಅಂತ ಕೇಳಬೇಡಿ. ಇರುವವರು ನಾನು ಮತ್ತು ನನ್ನ ತಂಗಿ ಸುಮನಾ. ಅಂಗಡಿ ನೋಡಿಕೊಳ್ಳುವವಳು ನಾನು.

“ವ್ಯಾಪಾರಕ್ಕೆ ಹಂಗೇ ಬರೆಸೋದು ಕಣೇ ಸ್ಫೂರ್ತಿ, ತೂಕ ಇರುತ್ತೆ,” ಅಂದರು ಅಪ್ಪ. ತೂಕವೇನೋ ಇತ್ತು, ತಗಡಿನದು.

ದೀಪಾವಳಿ ಹೊತ್ತಿಗೆ ಎಂಜಿನ್ ಕುದಿಯತೊಡಗಿತು. ಮೆಕ್ಯಾನಿಕ್ ಕೃಷ್ಣಪ್ಪ ಒಮ್ಮೆ ವಾಟರ್ ಪಂಪ್ ಬದಲಿಸಿದ, ಇನ್ನೊಮ್ಮೆ ರೇಡಿಯೇಟರ್ ತೊಳೆದ. ಪ್ರತಿಸಲವೂ ಬೋರ್ಡು ಬಿಚ್ಚಿ, ಒರೆಸಿ, ಭಕ್ತಿಯಿಂದ ಅದೇ ಜಾಗಕ್ಕೆ ಹಾಕಿದ. ಕೊನೆಗೆ, “ಗಾಡಿ ಸರಿಯಿದೆ, ಡ್ರೈವರ್ ಓಡಿಸೋದು ಸರಿಯಿಲ್ಲ,” ಅಂದುಬಿಟ್ಟ. ಅಪ್ಪನಿಗೆ ಅಷ್ಟೇ ಸಾಕಾಗಿತ್ತು.

ಡ್ರೈವರ್ ಗೋವಿಂದಯ್ಯ ನಮ್ಮಲ್ಲಿ ಹದಿನೈದು ವರ್ಷದಿಂದ ಇದ್ದವನು. ನನಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವನು. ಅರವತ್ತರ ಹತ್ತಿರದವನನ್ನು ಬೇರೆ ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಭದ್ರಾವತಿ ನ್ಯೂಟೌನಿನ ಒಂದು ಮದುವೆಗೆ ಹಂಡೆ, ಕಡಾಯಿ ತುಂಬಿ ಮೂವರೂ ಹೊರಟ ಬೆಳಿಗ್ಗೆ ಅಪ್ಪ ಖಡಾಖಂಡಿತ ಹೇಳಿದರು, “ಇವತ್ತೂ ಕುದ್ರೆ ನಾಳೆಯಿಂದ ಬರ್ಬೇಡ.” ಗೋವಿಂದಯ್ಯ ತಲೆಯಾಡಿಸಿದ. ನನಗೆ ಮೈಯೆಲ್ಲ ಉರಿಯಿತು.

ಮಾಚೇನಹಳ್ಳಿ ಹತ್ತಿರ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್‌ನಿಂದ ಹಬೆ ಎದ್ದಿತು. ಅಪ್ಪ ವಾಚು ನೋಡಿಕೊಂಡರು, ತೀರ್ಪು ಬರೆಯುವ ಜಡ್ಜ್ ಸಾಹೇಬರ ಹಾಗೆ.

“ಮುಗೀತು ಗೋವಿಂದಯ್ಯ.”

ನಾನು ನೀರಿನ ಕ್ಯಾನು ಹಿಡಿದು ಗಾಡಿಯ ಮುಂದೆ ಬಂದೆ. ಬೋರ್ಡಿನ ಅಂಚಿಗೆ ಕೈ ತಾಗಿತು. ದೋಸೆ ಕಾವಲಿಯ ಹಾಗೆ ಸುಡುತ್ತಿತ್ತು. ಅದರ ಹಿಂದೆ ರೇಡಿಯೇಟರ್ ಇತ್ತು, ಒಂದು ಬೆರಳಗಲ ಗಾಳಿಗೂ ದಾರಿಯಿರಲಿಲ್ಲ. ಸೀಟಿನ ಕೆಳಗಿನ ಸ್ಪ್ಯಾನರ್ ತಂದೆ.

“ಅದನ್ನ ಮುಟ್ಬೇಡ. ಅದು ಮನೆತನದ ಹೆಸರು,” ಅಂದರು ಅಪ್ಪ.

“ಮನೆತನ ಉಸಿರಾಡ್ಬೇಕಲ್ಲ ಅಪ್ಪ.”

ನಾಲ್ಕು ಬೋಲ್ಟ್ ಬಿಚ್ಚುವಷ್ಟರಲ್ಲಿ ಗೋವಿಂದಯ್ಯ ಪಕ್ಕಕ್ಕೆ ಬಂದು ನಿಂತಿದ್ದ. ಅವನ ಮುಖ ನೋಡಿದ ಕೂಡಲೇ ತಿಳಿಯಿತು.

“ನಿಂಗೆ ಗೊತ್ತಿತ್ತಾ ಮಾರಾಯ?”

“ಮೊದ್ಲೇ ಗೊತ್ತಿತ್ತಮ್ಮ,” ಅಂದ ಮೆಲ್ಲಗೆ. “ಗಂಡುಮಕ್ಕಳಿಲ್ದೋರಿಗೆ, ‘ಆ ಸನ್ಸ್ ತೆಗೀರಿ, ಅಡ್ಡ ಆಗಿದೆ’ ಅಂತ ನನ್ನ ಬಾಯಲ್ಲಿ ಹೆಂಗೆ ಹೇಳ್ಲಿ?”

ಮೆಲ್ಲಗೆ ಹೇಳಿದ್ದರೂ ಅಪ್ಪನಿಗೆ ಕೇಳಿಸಿತ್ತು. ಅವರು ಹೆಗಲ ಟವೆಲಿನಿಂದ ಸುಡುವ ಬೋರ್ಡನ್ನು ಎತ್ತಿಕೊಂಡರು. ಎಂಜಿನ್ ಆರಿದ ಮೇಲೆ ನೀರು ಹಾಕಿ ಗಾಡಿ ತಳ್ಳಿದೆವು. ಎರಡು ವರ್ಷದಲ್ಲಿ ಮೊದಲ ಸಲ ಅಪ್ಪನೂ ಇಳಿದು ತಳ್ಳಿದರು. ಭದ್ರಾವತಿಯವರೆಗೆ ಮುಳ್ಳು ಅರ್ಧ ದಾಟಲಿಲ್ಲ. ಅಪ್ಪ ತೊಡೆಯ ಮೇಲೆ ಟವೆಲ್ ಹಾಸಿ ಬೋರ್ಡು ಹಿಡಿದು ಕೂತಿದ್ದರು. ಊರು ಬಂದಾಗ ರಸ್ತೆ ನೋಡುತ್ತಲೇ, “ನಾಳೆ ಬೇಗ ಬಾ ಗೋವಿಂದಯ್ಯ,” ಅಂದರು. ತಪ್ಪಾಯಿತು ಅನ್ನುವ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಅಪ್ಪನ ಆ ಸೆಲ್ಫ್ ಕೂಡ ಸತ್ತೇ ಇತ್ತು.

ಛತ್ರದ ಮುಂದೆ ದೊಡ್ಡ ಹಂಡೆ ಇಳಿಸಬೇಕಾಯಿತು. ಒಂದು ಬದಿ ಗೋವಿಂದಯ್ಯ ಹಿಡಿದ, ಇನ್ನೊಂದು ಬದಿ ನಾನು ಹಿಡಿದೆ. ಸನ್ಸ್ ಮುಂದಿನ ಸೀಟಿನಲ್ಲಿ ತಣ್ಣಗಾಗುತ್ತಾ ಕೂತಿದ್ದರು.