ಐದನೆಯ ಹೆಜ್ಜೆ

ರಬ್ಬರ್ ಸೊಲ್ಯೂಷನ್ನಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಈಗಲೂ ತಮ್ಮನ ಅಂಗೈ ನೆನಪಾಗುತ್ತದೆ. ಅಪ್ಪನದು ಸೈಕಲ್ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಆದ್ದರಿಂದ ನಾವು ಓದಿದ್ದು, ಉಂಡದ್ದು, ಮಲಗಿದ್ದು ಎಲ್ಲ ಆ ವಾಸನೆಯಲ್ಲೇ. ತಮ್ಮನಿಗೆ ಎಂಟು ವರ್ಷವಾದಾಗ ಅಪ್ಪ ಒಂದು ಜೊತೆ ಹಳೆಯ ಉಣ್ಣೆ ಗ್ಲೌಸಿನ ಅಂಗೈಗೆ ಟ್ಯೂಬಿನ ತುಂಡು ಅಂಟಿಸಿ ಕೊಟ್ಟರು. ಚೆಂಡು ಅದಕ್ಕೆ ಕಚ್ಚಿಕೊಂಡರೆ ಬಿಡುತ್ತಿರಲಿಲ್ಲ. ಅವನು ಅದನ್ನು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದ. ಅಮ್ಮ ಬೈಯುತ್ತಲೇ ಒಂದೊಂದೇ ಬೆರಳು ಬಿಡಿಸಿ ತೆಗೆಯುತ್ತಿದ್ದಳು.

ಮುಂದೆ ಅವನು ಹದಿನೆಂಟು ವರ್ಷ ಒಂದೇ ಫುಟ್‌ಬಾಲ್ ಕ್ಲಬ್ಬಿನಲ್ಲಿದ್ದ. ಮೊದಲ ಆರು ವರ್ಷ ಎರಡನೆಯ ಗೋಲಿಯಾಗಿ, ಅಂದರೆ ಬದಲಿ ಗೋಲ್‌ಕೀಪರ್ ಆಗಿ, ಬೆಂಚಿನ ಮೇಲೆ, ಆಮೇಲೆ ಹನ್ನೆರಡು ವರ್ಷ ಗೋಲಿನ ಬಾಯಲ್ಲಿ. ಜನ ಅವನಿಗೆ ಬೀಗ ಎಂದು ಹೆಸರಿಟ್ಟಿದ್ದರು. ಅವನು ಚೆಂಡು ಹಿಡಿದಾಗಲೆಲ್ಲ ಗೋಲಿನ ಹಿಂದೆ ಕುಳಿತವರು ಕೀಲಿಗೊಂಚಲು ತೆಗೆದು ಝಣಝಣ ಆಡಿಸುತ್ತಿದ್ದರು. ಆ ಸದ್ದು ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು.

ಗೋಲಿಗಳದೊಂದು ಪದ್ಧತಿಯಿದೆ. ಅವರಿಗೆ ಎರಡು ಕಂಬಗಳೂ ಬೆನ್ನ ಹಿಂದೆ. ಚೆಂಡು ಬರುವಾಗ ತಿರುಗಿ ನೋಡುತ್ತ ನಿಲ್ಲುವಂತಿಲ್ಲ. ಅದಕ್ಕೇ ಆಟಕ್ಕೆ ಮೊದಲು ಎಡಗಂಬ ಮುಟ್ಟಿ, ಐದು ಹೆಜ್ಜೆ ಅಳೆದು, ನಟ್ಟನಡುವೆ ಬೂಟಿನ ಹಿಮ್ಮಡಿಯಿಂದ ಹುಲ್ಲಿನಲ್ಲಿ ಒಂದು ಗೆರೆ ಎಳೆದುಕೊಳ್ಳುತ್ತಾರೆ. ನಿಯಮದ ಪ್ರಕಾರ ಎಳೆಯಬಾರದು, ಆದರೆ ರೆಫರಿಗಳು ನೋಡಿಯೂ ನೋಡದ ಹಾಗಿರುತ್ತಾರೆ. ಅರ್ಧ ಆಟವಾದ ಮೇಲೆ ಎರಡೂ ತಂಡಗಳು ಕಡೆ ಬದಲಿಸುತ್ತವಲ್ಲ, ಆಗ ಆ ಕಡೆಯ ಗೆರೆ ಎಳೆಯುವುದು ನಮ್ಮ ಕ್ಲಬ್ಬಿನಲ್ಲಿ ಎರಡನೆಯ ಗೋಲಿಯ ಕೆಲಸ. ಮೊದಲನೆಯವನು ಒಳಗೆ ಬೆರಳಿಗೆ ಟೇಪು ಸುತ್ತಿಸಿಕೊಳ್ಳುತ್ತಿರುತ್ತಾನೆ. ತಮ್ಮ ತನ್ನ ಹಿರಿಯನಿಗಾಗಿ ಆರು ವರ್ಷ ಈ ಗೆರೆ ಎಳೆದಿದ್ದ. ಈಗ ಅವನಿಗಾಗಿ ಎಳೆಯುತ್ತಿದ್ದವನು ಮೀಸೆ.

ಮೀಸೆ ಎಂದರೆ ತಂಡದವರು ಅವನಿಗೆ ಇಟ್ಟ ಹೆಸರು. ಇಪ್ಪತ್ತೇಳು ವರ್ಷ, ಮದುವೆಯಾಗಿದ್ದ, ನಾಲ್ಕು ವರ್ಷದಿಂದ ಬೆಂಚು ಸವೆಸುತ್ತಿದ್ದ. ತಮ್ಮನನ್ನು ಅಣ್ಣ ಎನ್ನುತ್ತಿದ್ದ. ಆ ಅಣ್ಣ ಹಲ್ಲಿನ ಸಂದಿಯಿಂದ ಬರುತ್ತಿತ್ತು.

ಆ ವರ್ಷ ತಮ್ಮನಿಗೆ ಮೂವತ್ತೇಳು. ಅವನ ಒಪ್ಪಂದ ಮುಗಿಯುವುದರಲ್ಲಿತ್ತು. ಇನ್ನೊಂದು ವರ್ಷ ಸಿಕ್ಕರೆ ಸಾಕು ಎಂದು ಕಾಯುತ್ತಿದ್ದ. ಬೇರೆ ಏನೂ ಬಾರದು ಅಕ್ಕ, ಬಿದ್ದು ಏಳೋದೊಂದೇ ಬರೋದು ಎಂದು ನಗುತ್ತಿದ್ದ. ಕೊನೆಗೆ ಎರಡು ಪಂದ್ಯ ಉಳಿದಿದ್ದವು.

ಮೊದಲನೆಯದರಲ್ಲಿ ಅರ್ಧ ಆಟದ ವಿರಾಮಕ್ಕೆ ಮೀಸೆ ನಾನು ಕುಳಿತಿದ್ದ ಕಡೆಯ ಗೋಲಿನ ಬಳಿಗೆ ಬಂದ. ನಾನು ತಂತಿಬೇಲಿಯ ಹಿಂದೆ ಮೂರನೆಯ ಸಾಲಿನಲ್ಲಿದ್ದೆ. ಅವನು ಕಂಬ ಮುಟ್ಟಿದ, ನಡೆದ, ಗೆರೆ ಎಳೆದ. ಸುಮ್ಮನೆ ಅಭ್ಯಾಸಬಲದಿಂದ ಎಣಿಸಿದ್ದೆ. ನಾಲ್ಕು. ತಪ್ಪು ಎಣಿಸಿರಬೇಕು ಎಂದುಕೊಂಡೆ.

ತಮ್ಮ ಬಂದು ಆ ಗೆರೆಯ ಮೇಲೆ ನಿಂತ. ಹತ್ತು ನಿಮಿಷಕ್ಕೆ ಬಲಗಡೆಗೆ ಒಂದು ಚೆಂಡು ಬಂತು. ಪೂರ್ತಿ ಮೈ ಚಾಚಿ ಹಾರಿದ. ಬೆರಳ ತುದಿಯಿಂದ ಗೇಣುದೂರದಲ್ಲಿ ಚೆಂಡು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅಂಥದೇ ಇನ್ನೊಂದು. ಆಗ ನಮ್ಮ ಜನವೇ ಕೀಲಿಗೊಂಚಲು ತೆಗೆದರು. ಚೆಂಡು ಅವನ ಹತ್ತಿರ ಬಂದಾಗಲೆಲ್ಲ ಝಣಝಣ. ಹಿಂದಿನಿಂದ ಒಬ್ಬ, ಬಾಗ್ಲು ತೆಗೆದೇ ಇದೆ, ಬನ್ರಪ್ಪಾ ಒಳಗೆ, ಕಾಲು ಒರೆಸ್ಕೊಂಡು ಬನ್ನಿ ಎಂದು ಕೂಗಿದ. ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ನನ್ನ ಪಕ್ಕದ ಮುದುಕರೂ ಜೋರಾಗಿಯೇ ಆಡಿಸುತ್ತಿದ್ದರು. ಒಮ್ಮೆ ನನ್ನ ಮುಖ ನೋಡಿದರು, ಮೂಗು ನೋಡಿದರೋ ಏನೋ. ನನ್ನದೂ ತಮ್ಮನದೂ ಒಂದೇ ಮೂಗು. ಕೀಲಿಗಳನ್ನು ಜೇಬಿಗೆ ಹಾಕಿ, ಸದ್ದಾಗದಂತೆ ಮೇಲೆ ಕೈ ಇಟ್ಟುಕೊಂಡರು. ಅವರನ್ನು ನಾನು ಇಂದಿಗೂ ಮರೆತಿಲ್ಲ.

ಆಟ ಸೋತೆವು. ಸಂಜೆ ತಮ್ಮ ನಮ್ಮ ಅಡುಗೆಮನೆಯಲ್ಲಿ ಮಂಜುಗಡ್ಡೆಯ ನೀರಿಗೆ ಬೆರಳು ಅದ್ದಿಕೊಂಡು ಕುಳಿತಿದ್ದ.

"ಮೀಸೆ ನಾಲ್ಕೇ ಹೆಜ್ಜೆ ಇಟ್ಟ. ನಾನು ಎಣಿಸಿದೀನಿ" ಎಂದೆ.

"ಗೊತ್ತು. ಎರಡನೇ ಗೋಲಾದ್ಮೇಲೆ ಅಳೆದು ನೋಡ್ದೆ."

"ಮತ್ತೆ ಕೋಚ್‌ಗೆ ಹೇಳೋದಲ್ವಾ?"

"ಏನಂತ ಹೇಳ್ಲಿ? ಗೆರೆ ಸರಿ ಇರ್ಲಿಲ್ಲ ಸಾರ್ ಅಂತಾನಾ? ಹೊಟ್ಟೆ ಹಿಡ್ಕೊಂಡು ನಗ್ತಾರೆ. ನಿಲ್ಲೋ ಮೊದ್ಲು ನಾನೇ ಅಳೀಬೇಕಿತ್ತು, ಅಕ್ಕ."

ಮರುದಿನ ಅಭ್ಯಾಸದಲ್ಲಿ ಕೋಚ್ ಎಲ್ಲರೆದುರಿಗೇ, ಈ ಬೀಗಕ್ಕೆ ತುಕ್ಕು ಹಿಡಿದಿದೆ, ಎಣ್ಣೆ ಬಿಟ್ಟರೂ ತಿರುಗೋದಿಲ್ಲ ಎಂದರಂತೆ. ಕೊನೆಯ ಪಂದ್ಯಕ್ಕೆ ಮೀಸೆ ನಿಲ್ಲಲಿ, ಗೆದ್ದುಕೊಟ್ಟರೆ ಮುಂದಿನ ವರ್ಷದ ಒಪ್ಪಂದ ಅವನಿಗೆ. ಅವನೂ ಕೈ ಬಿಟ್ಟರೆ ಹಾಳಾಗಿ ಹೋಗಲಿ, ಹಳೆಯ ಬೀಗವನ್ನೇ ಇನ್ನೊಂದು ವರ್ಷ ಇಟ್ಟುಕೊಳ್ಳೋಣ ಎಂದರಂತೆ. ಮೀಸೆ ಪಕ್ಕದಲ್ಲೇ ಬೂಟಿನ ದಾರ ಕಟ್ಟುತ್ತಿದ್ದನಂತೆ, ತಲೆಯೆತ್ತಲಿಲ್ಲವಂತೆ.

ಹೀಗೆ ಗೆರೆ ಎಳೆಯುವ ಕೆಲಸ ಮತ್ತೆ ತಮ್ಮನಿಗೆ ಬಂತು.

ಕೊನೆಯ ಪಂದ್ಯದ ವಿರಾಮದ ಹೊತ್ತಿಗೆ ಎರಡೂ ಕಡೆ ಒಂದೊಂದು ಗೋಲಾಗಿತ್ತು. ತಮ್ಮ ನಮ್ಮ ಕಡೆಯ ಗೋಲಿನ ಬಳಿಗೆ ನಡೆದು ಬರುತ್ತಿದ್ದಂತೆ ಬೆಂಚಿನ ಬೀಗ ಬಂತು ಎಂದು ಯಾರೋ ಕಡಲೆಸಿಪ್ಪೆ ಎಸೆದರು. ಅವನು ಎಡಗಂಬ ಮುಟ್ಟಿದ. ನಾನು ಬೇಲಿಯ ತಂತಿ ಹಿಡಿದುಕೊಂಡೆ. ಒಂದು, ಎರಡು, ಮೂರು. ನಾಲ್ಕಕ್ಕೆ ನಿಲ್ಲು, ನಾಲ್ಕಕ್ಕೇ ನಿಲ್ಲು ಎಂದು ನನ್ನ ಮನಸ್ಸು ಹೇಳುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೇಳಿದ್ದು ನಿಜ. ಅವನು ನಾಲ್ಕರ ಬಳಿ ತುಸು ತಡೆದ. ಐದನೆಯದನ್ನೂ ಇಟ್ಟು, ಹಿಮ್ಮಡಿಯಿಂದ ಉದ್ದಕ್ಕೆ ಗೆರೆ ಎಳೆದು, ತಿರುಗಿ ನೋಡದೆ ಹೋದ.

ಮೀಸೆ ಬಂದ. ಗೆರೆ ನೋಡಿದ. ಬೂಟಿನಿಂದ ಅದನ್ನು ತಿಕ್ಕಿ ಅಳಿಸಿದ. ತಾನೇ ಕಂಬ ಮುಟ್ಟಿ ಐದು ಹೆಜ್ಜೆ ಅಳೆದು ನಿಂತು ನೆಲ ನೋಡಿದ. ಕಾಲ ಕೆಳಗೆ ತಾನು ಈಗಷ್ಟೇ ಗೆರೆ ಅಳಿಸಿದ ಜಾಗದ ಕಿತ್ತ ಹುಲ್ಲೇ ಇತ್ತು. ಅವನು ಬೆಂಚಿನ ಕಡೆ ನೋಡಿದ. ತಮ್ಮ ನೀರು ಕುಡಿಯುತ್ತಿದ್ದ.

ಆಟ ಮುಗಿಯುವ ಮುಂಚೆ ನಾವು ಇನ್ನೊಂದು ಗೋಲು ಹೊಡೆದೆವು. ಕಟ್ಟಕಡೆಯ ನಿಮಿಷದಲ್ಲಿ ಎದುರಾಳಿಗಳದೊಂದು ಚೆಂಡು ಬಲಗಡೆಗೆ, ಕೆಳಗೆ, ಬಿರುಸಾಗಿ ಬಂತು. ಮೀಸೆ ಹಾರಿ ಬೆರಳ ತುದಿಯಿಂದ ಅದನ್ನು ಕಂಬದಾಚೆ ತಳ್ಳಿದ. ಒಂದು ಹೆಜ್ಜೆ ಎಡಕ್ಕಿದ್ದಿದ್ದರೆ ಸಿಗುತ್ತಿರಲಿಲ್ಲ. ಕೀಲಿಗೊಂಚಲುಗಳು ಅವನಿಗಾಗಿ ಝಣಝಣ ಎಂದವು.

ಬಟ್ಟೆ ಬದಲಿಸುವ ಕೋಣೆಯ ಹೊರಗಿನ ಓಣಿಯಲ್ಲಿ ಮನೆಯವರಿಗಾಗಿ ಒಂದು ಮರದ ಬೆಂಚು ಇತ್ತು. ತಮ್ಮ ಚೀಲ ಹೊತ್ತು ಬಂದು ನನ್ನ ಪಕ್ಕ ಕುಳಿತ. ಕೋಚ್ ಒಳಗೇ ಕೈಕುಲುಕಿ ಅವನ ವಿದಾಯ ಮುಗಿಸಿದ್ದರು.

"ಅವನನ್ನ ಕ್ಷಮಿಸಿಬಿಟ್ಯಾ?" ಎಂದೆ. ನನಗೆ ಸಿಟ್ಟು ಬಂದಿತ್ತು.

"ಕ್ಷಮೆಗಿಮೆ ಏನಿಲ್ಲ. ಅವನ ಮುಖ ಕಂಡ್ರೆ ಮೈ ಉರಿಯತ್ತೆ. ಗೋಲು ಬಿಟ್ರೆ ಅವನೇ ಬಿಡ್ಲಿ, ನನ್ನ ಕಾಲಿಂದ ಬೇಡ."

ಆಟವಾದ ಮೇಲೆ ಬಾಗಿಲಲ್ಲಿ ಪಟ್ಟಿ ನೋಡಿ ಆಟಗಾರರಿಗೆ ಒಬ್ಬೊಬ್ಬರಿಗೂ ಊಟದ ಪೊಟ್ಟಣ ಕೊಡುತ್ತಿದ್ದರು. ತಮ್ಮ ಎದ್ದು ಹೋಗಿ ಕೈ ಚಾಚಿದ. ಪಟ್ಟಿ ಹಿಡಿದಿದ್ದ ಗುಮಾಸ್ತ ಬೆರಳನ್ನು ಮೇಲಿಂದ ಕೆಳಕ್ಕೆ ಇಳಿಸಿ, "ನಿಮ್ಮ ಹೆಸ್ರು ಹೊಡೆದು ಹಾಕಿದಾರಲ್ಲ" ಎಂದ. ಕೋಚ್ ಆಟ ಮುಗಿಸಿ ಹೊರಗೆ ಬರುವಾಗಲೇ ಹೇಳಿ ಹೋಗಿದ್ದರಂತೆ. ಹದಿನೆಂಟು ವರ್ಷ ಆಡಿದವನಿಗೆ ಒಂದು ಊಟವೂ ಇಲ್ಲ. ಹಿಂದೆ ನಿಂತಿದ್ದ ಇಬ್ಬರು ಕಿಸಕ್ಕೆಂದರು. ತಮ್ಮ ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಪ್ಯಾಂಟಿಗೆ ಒರೆಸಿಕೊಂಡು ಬಂದು ಕುಳಿತ.

ಮೀಸೆ ಹೊರಗೆ ಬಂದ. ಮೊಣಕೈ ತರಚಿ ರಕ್ತ ಒಣಗಿತ್ತು. ಜನ ಬೆನ್ನು ತಟ್ಟುತ್ತಿದ್ದರು. ಅವನು ತನ್ನ ಪೊಟ್ಟಣ ತೆಗೆದುಕೊಂಡು ನಮ್ಮ ಮುಂದಿನಿಂದ ಹಾದು ಹೋದ. ನಾಲ್ಕಾರು ಹೆಜ್ಜೆ ಹೋಗಿ ತಿರುಗಿ ಬಂದ. ಅಣ್ಣ ಎನ್ನಲಿಲ್ಲ. ಬಗ್ಗಿ, ತಮ್ಮನ ಟೇಪು ಸುತ್ತಿದ ಆ ಎರಡು ಕೈಗಳ ನಡುವೆ ಬಿಸಿ ಪೊಟ್ಟಣ ಇಟ್ಟ. ಅವು ಮುಚ್ಚಿಕೊಳ್ಳುವವರೆಗೆ ಬಿಡದೆ ಹಿಡಿದಿದ್ದ.